ಟ್ಯಾಕ್ಸ್ ಲಾದಲ್ಲಿ ಎಲ್‌ಎಲ್‌ಎಂ: ಕರಾವಳಿಯಿಂದ ಹೊರಟವರು ಹೇಗೆ ಓದಬೇಕು?

"ಮೇಡಂ, ನನಗೆ ಲೆಕ್ಕ ಅಂದ್ರೆ ಆಗುವುದೇ ಇಲ್ಲ. ಎಲ್‌ಎಲ್‌ಎಂಗೆ ಟ್ಯಾಕ್ಸ್ ತಗೊಳ್ಳಬಹುದಾ?"

ಎಲ್‌ಎಲ್‌ಬಿ ಮುಗಿಸಿದ ಹುಡುಗ ಹುಡುಗಿಯರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ತಗೊಳ್ಳಿ. ನಾನು ಮಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಿದ್ದು ತೆರಿಗೆ ಕಾನೂನಿನಲ್ಲಿ. ಹತ್ತನೇ ಕ್ಲಾಸಿನ ನಂತರ ನಾನು ಗಣಿತದ ಪುಸ್ತಕ ಮುಟ್ಟಿದವಳಲ್ಲ. ಆದರೆ ಇದನ್ನು ಹೇಗೆ ಓದಬೇಕು ಅಂತ ಆಗ ನನಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಮೊದಲ ವರ್ಷ ದಾರಿ ಹುಡುಕುವುದರಲ್ಲೇ ಹೋಯಿತು. ನಿಮ್ಮ ಆ ವರ್ಷ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರ ಕಡೆಯವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಈ ವಿಷಯಕ್ಕೆ ಬೇಕಾದ ಉದಾಹರಣೆಗಳೆಲ್ಲ ನಮ್ಮ ಊರಿನ ಬೀದಿಯಲ್ಲೇ ಇವೆ.

ಹೆಜ್ಜೆ 1: ಇದು ಲೆಕ್ಕದ ವಿಷಯ ಅಲ್ಲ ಅಂತ ಮೊದಲು ತಿಳಿದುಕೊಳ್ಳಿ

ಎಷ್ಟು ತೆರಿಗೆ ಅಂತ ಕೂಡಿ ಕಳೆಯುವ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಎಲ್‌ಎಲ್‌ಎಂನಲ್ಲಿ ಕೇಳುವ ಪ್ರಶ್ನೆ ಬೇರೆ. ಈ ತೆರಿಗೆ ಹಾಕುವ ಅಧಿಕಾರ ಯಾರಿಗೆ ಇದೆ? ಯಾವ ಮಾತಿನಿಂದ ಬಂತು? ಆ ಮಾತು ಎಲ್ಲಿಯವರೆಗೆ ಹೋಗುತ್ತದೆ?

ಸಂವಿಧಾನದ 265ನೇ ವಿಧಿ ಒಂದೇ ಸಾಲಿನದು. ಕಾನೂನಿನ ಬಲ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ನಿಮ್ಮ ಇಡೀ ಕೋರ್ಸ್ ನಿಂತಿರುವುದು ಆ ಸಾಲಿನ ಮೇಲೆ.

ಒಂದು ಅಡಿಕೆ ತೋಟ ತಗೊಳ್ಳಿ. ಪುತ್ತೂರಿನ ಕೃಷಿಕರೊಬ್ಬರು ಅಡಿಕೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿ ಮಾಡಿ ಮಾರುತ್ತಾರೆ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಯಾಕೆ ಅಂತ ಕೇಳಿದರೆ "ಕೃಷಿ ಆದಾಯಕ್ಕೆ ವಿನಾಯಿತಿ" ಅಂತ ಎಲ್ಲರೂ ಹೇಳುತ್ತಾರೆ. ಎಲ್‌ಎಲ್‌ಎಂ ವಿದ್ಯಾರ್ಥಿ ಅಲ್ಲಿಗೆ ನಿಲ್ಲಬಾರದು. ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ಕೇಂದ್ರ ಪಟ್ಟಿಯ 82ನೇ ನಮೂದು ಕೃಷಿ ಆದಾಯ ಬಿಟ್ಟು ಉಳಿದ ಆದಾಯದ ತೆರಿಗೆಯನ್ನು ಕೇಂದ್ರಕ್ಕೆ ಕೊಡುತ್ತದೆ. ಕೃಷಿ ಆದಾಯದ ತೆರಿಗೆ ರಾಜ್ಯ ಪಟ್ಟಿಯ 46ನೇ ನಮೂದಿನಲ್ಲಿದೆ. ಅಂದರೆ ಇಲ್ಲಿ ಕೇಂದ್ರ ದಯೆ ತೋರಿಸಿದ್ದಲ್ಲ, ಅದಕ್ಕೆ ಅಧಿಕಾರವೇ ಇಲ್ಲ.

ಇನ್ನು ಮುಂದಿನ ಪ್ರಶ್ನೆ. ಬೆಳೆ ಮಾರುಕಟ್ಟೆಗೆ ಹೋಗುವಂತೆ ಮಾಡಲು ಕೃಷಿಕರು ಸಾಮಾನ್ಯವಾಗಿ ಮಾಡುವ ಕೆಲಸ ಕೃಷಿಯ ಒಳಗೇ ಬರುತ್ತದೆ ಅಂತ ಆದಾಯ ತೆರಿಗೆ ಕಾಯ್ದೆಯ ವ್ಯಾಖ್ಯೆ ಹೇಳುತ್ತದೆ. ಒಣಗಿಸುವುದು, ಸುಲಿಯುವುದು ಸರಿ. ಅದೇ ಮನುಷ್ಯ ಅಡಿಕೆ ಹುಡಿ ಮಾಡಿ, ಲವಂಗ, ಸಕ್ಕರೆ ಹಾಕಿ, ಪ್ಯಾಕೆಟ್ ಮಾಡಿ ಪರಿಮಳ ಸುಪಾರಿ ಅಂತ ಮಾರಿದರೆ? ಗೆರೆ ಎಲ್ಲಿ ಬಂತು? ಸುಳ್ಯದ ರಬ್ಬರ್ ತೋಟಕ್ಕೆ ಹೋದರೆ ಗೆರೆ ಅಂಕಿಯಲ್ಲೇ ಸಿಗುತ್ತದೆ. 1962ರ ಆದಾಯ ತೆರಿಗೆ ನಿಯಮಗಳ 7ಎ ನಿಯಮದಲ್ಲಿ, ತಾನೇ ಬೆಳೆದ ರಬ್ಬರಿನಿಂದ ಶೀಟ್ ಮುಂತಾದ್ದು ಮಾಡಿ ಮಾರಿದ ಆದಾಯದಲ್ಲಿ 35 ಶೇಕಡಾ ವ್ಯಾಪಾರದ್ದು, ಉಳಿದದ್ದು ಕೃಷಿಯದ್ದು ಅಂತ ಇತ್ತು. ಇನ್ನು ಗುಡ್ಡದಲ್ಲಿ ತನ್ನಷ್ಟಕ್ಕೇ ಬೆಳೆದ ಮರ ಕಡಿದು ಮಾರಿದರೆ? 1957ರ ರಾಜಾ ಬಿನೋಯ್ ಕುಮಾರ್ ಸಹಾಸ್ ರಾಯ್ ತೀರ್ಪು ಓದಿ. ನೆಲದ ಮೇಲೆ ಉಳುವುದು, ಬಿತ್ತುವುದು, ನೆಡುವುದು ಅಂತ ಮೂಲ ಕೆಲಸ ನಡೆದಿರಬೇಕು, ಸುಮ್ನೆ ಬೆಳೆದದ್ದನ್ನು ಕಾದುಕೊಂಡರೆ ಸಾಲದು ಅಂತ ಸುಪ್ರೀಂ ಕೋರ್ಟ್ ಹೇಳಿತು.

ನೋಡಿ, ಇಷ್ಟರಲ್ಲಿ ಎಲ್ಲೂ ಲೆಕ್ಕ ಬರಲಿಲ್ಲ ಅಲ್ವಾ?

ಹೆಜ್ಜೆ 2: ಎಲ್ಲಿ ಓದುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದಕ್ಕೆ ಜನ ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಎಲ್‌ಎಲ್‌ಎಂ ಒಂದು ವರ್ಷದ್ದು. ಹೆಚ್ಚಿನವಕ್ಕೆ ಕ್ಲಾಟ್ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡು ಗಂಟೆ, 120 ಪ್ರಶ್ನೆ, ತಪ್ಪಿದರೆ ತಲಾ 0.25 ಅಂಕ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲಿ ನಡೆಯುತ್ತಿದೆ, ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ತೀರ್ಪುಗಳ ತುಂಡು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಗೈಡ್ ಪುಸ್ತಕ ಬಾಯಿಪಾಠ ಮಾಡುವುದಕ್ಕಿಂತ ತೀರ್ಪು ಓದಿದ ಅಭ್ಯಾಸವೇ ಕೈ ಹಿಡಿಯುತ್ತದೆ.

ಊರು ಬಿಡಲು ಆಗದವರು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಕಟಣೆ ನೋಡಿ. ಅದು 2009ರಲ್ಲಿ ಶುರುವಾದದ್ದು. ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು, ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು ನಮ್ಮ ಕಡೆಯ ಹಳೆಯ ಕಾಲೇಜುಗಳು. ಈ ವರ್ಷ ಯಾವ ಶಾಖೆ ಇದೆ, ಎಷ್ಟು ಸೀಟು ಅಂತ ಆಫೀಸಿಗೆ ಹೋಗಿಯೇ ಕೇಳಿ, ಸ್ನೇಹಿತರ ಮಾತು ನಂಬಿ ಕೂರಬೇಡಿ. ತೆರಿಗೆ ಅಂತ ಪ್ರತ್ಯೇಕ ಶಾಖೆ ಇಲ್ಲದಿದ್ದರೂ ನಷ್ಟ ಇಲ್ಲ. ವಾಣಿಜ್ಯ ಕಾನೂನಿನ ಶಾಖೆ ತಗೊಂಡು ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ತೆರಿಗೆಯಲ್ಲಿ ಬರೆಯಬಹುದು. ಮುಂದೆ ಕೆಲಸ ಕೊಡುವವರು ನೋಡುವುದು ಆ ಡಿಸರ್ಟೇಶನ್ ಅನ್ನು.

ವಿದೇಶದ ಬಗ್ಗೆ ಒಂದು ಮಾತು. ಅಮೆರಿಕದ ಟ್ಯಾಕ್ಸ್ ಎಲ್‌ಎಲ್‌ಎಂನಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದಂಥ ಹೆಸರಾಂತ ಕಡೆಯೂ ಸೇರಿ, ಮುಖ್ಯವಾಗಿ ಕಲಿಸುವುದು ಅವರ ದೇಶದ ತೆರಿಗೆ ಕಾನೂನು. ವಾಪಸ್ ಬಂದು ಇಲ್ಲಿ ಕೆಲಸ ಮಾಡುವುದಾದರೆ ಹಾಲೆಂಡಿನ ಲೈಡನ್, ಆಸ್ಟ್ರಿಯಾದ ವಿಯೆನ್ನಾ ಕಡೆಯ ಅಂತರರಾಷ್ಟ್ರೀಯ ತೆರಿಗೆ ಕೋರ್ಸ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ದೇಶ ದೇಶಗಳ ನಡುವಿನ ತೆರಿಗೆ ಒಪ್ಪಂದ ಓದುವುದನ್ನು ಅಲ್ಲಿ ಕಲಿಸುತ್ತಾರೆ. ಅಷ್ಟು ಸಾಲ ಬೇಡ ಅನ್ನುವವರಿಗೆ ಬ್ರಿಟನ್ನಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಟ್ಯಾಕ್ಸೇಶನ್ ಅಂತರರಾಷ್ಟ್ರೀಯ ತೆರಿಗೆಯಲ್ಲಿ ನಡೆಸುವ ಅಡಿಟ್ ಪರೀಕ್ಷೆ ಇದೆ, ಭಾರತದಲ್ಲೇ ಇದ್ದು ಬರೆಯಬಹುದು. ತಂದೆ ತಾಯಿಯ ಜಾಗ ಅಡವು ಇಟ್ಟು ಹೋಗುವ ಮೊದಲು ಇದನ್ನೆಲ್ಲ ಯೋಚನೆ ಮಾಡಿ ಅಂತ ಕೈ ಮುಗಿದು ಹೇಳುತ್ತೇನೆ.

ಹೆಜ್ಜೆ 3: ಸೇರುವ ಮೊದಲಿನ ಎರಡು ತಿಂಗಳು

ಲೆಕ್ಕ ಬೇಡ ಅಂದೆ, ಆದರೆ ಲೆಕ್ಕದ ಭಾಷೆ ಬೇಕು. ಲಾಭ ನಷ್ಟದ ಪಟ್ಟಿ ಅಂದರೇನು, ಬ್ಯಾಲೆನ್ಸ್ ಶೀಟ್ ಅಂದರೇನು, ಸವಕಳಿ ಯಾಕೆ ತೆಗೆಯುತ್ತಾರೆ, ಬಂಡವಾಳದ ಖರ್ಚಿಗೂ ದಿನದ ಖರ್ಚಿಗೂ ಏನು ವ್ಯತ್ಯಾಸ. ಇಷ್ಟು ಸಾಕು. ಪಕ್ಕದ ಮನೆಯ ಪಿಯುಸಿ ಕಾಮರ್ಸ್ ಹುಡುಗನ ಪುಸ್ತಕ ತಗೊಂಡು ಒಂದು ತಿಂಗಳು ಓದಿ. ಸಿಎ ಸಂಸ್ಥೆಯ ಪಠ್ಯ ನೆಟ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ.

ಎರಡನೆಯ ತಿಂಗಳು ಒಬ್ಬ ಸಿಎ ಅವರ ಆಫೀಸಿನಲ್ಲಿ ಕೂರಿ. ಸಂಬಳ ಕೇಳಬೇಡಿ, ಫೈಲ್ ನೋಡಲು ಬಿಡಿ ಅಂತ ಕೇಳಿ. ಜುಲೈ ತಿಂಗಳಾದರೆ ಇನ್ನೂ ಒಳ್ಳೆಯದು, ರಿಟರ್ನ್ ತುಂಬುವ ಗಡಿಬಿಡಿಯಲ್ಲಿ ಅವರಿಗೂ ಒಂದು ಕೈ ಬೇಕಾಗಿರುತ್ತದೆ. ರಿಟರ್ನ್ ಫಾರ್ಮ್ ಹೇಗಿರುತ್ತದೆ, ನೋಟಿಸ್ ಹೇಗೆ ಬರುತ್ತದೆ, ಉತ್ತರ ಹೇಗೆ ಹೋಗುತ್ತದೆ ಅಂತ ಕಣ್ಣಾರೆ ಕಂಡವರಿಗೆ ಕ್ಲಾಸಿನಲ್ಲಿ ಸೆಕ್ಷನ್ ಕೇಳಿದ ಕೂಡಲೇ ಒಂದು ಫೈಲ್ ನೆನಪಾಗುತ್ತದೆ. ಸಿಎ ಸಂಸ್ಥೆಗೆ ಮಂಗಳೂರು, ಉಡುಪಿ ಎರಡೂ ಕಡೆ ಶಾಖೆ ಇದೆ, ಆಗಾಗ ಉಪನ್ಯಾಸ ಇಡುತ್ತಾರೆ. ಕೇಳಿ ನೋಡಿ, ಕೂರಲು ಬಿಟ್ಟರೆ ಹೋಗಿ ಬನ್ನಿ.

ಹೆಜ್ಜೆ 4: ಬೇರ್ ಆ್ಯಕ್ಟ್ ಓದುವುದನ್ನು ಕಲಿಯಿರಿ

ಬೇರ್ ಆ್ಯಕ್ಟ್ ಅಂದರೆ ಟಿಪ್ಪಣಿ ಇಲ್ಲದ, ಕಾಯ್ದೆಯ ಮೂಲ ಪಠ್ಯ. ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಬೇರೆ ಯಾವುದು ಬಿಟ್ಟರೂ ಇದನ್ನು ಬಿಡಬೇಡಿ.

ತೆರಿಗೆ ಕಾನೂನಿನ ಸೆಕ್ಷನ್ ಕಥೆಯಂತೆ ಓದಿದರೆ ತಲೆಗೆ ಹೋಗುವುದಿಲ್ಲ. ಪೆನ್ಸಿಲ್ ಹಿಡಿದು ಓದಬೇಕು. ನಾನು ಪ್ರತಿ ಸೆಕ್ಷನ್ನಿಗೂ ಇದೇ ಕೇಳುತ್ತೇನೆ: ತೆರಿಗೆ ಬೀಳುವುದು ಯಾರ ಮೇಲೆ, ಯಾವುದರ ಮೇಲೆ, ಯಾವ ಗಳಿಗೆಯಲ್ಲಿ, ಲೆಕ್ಕ ಹೇಗೆ, ಬಿಟ್ಟದ್ದು ಏನು. ಆಮೇಲೆ "ಪರಂತು" (ಇಂಗ್ಲಿಷಿನಲ್ಲಿ "ಪ್ರೊವೈಡೆಡ್ ದಟ್") ಅಂತ ಶುರುವಾಗುವ ಭಾಗಕ್ಕೆ ಒಂದು ಗೆರೆ, "ವಿವರಣೆ" ಅಂತ ಇರುವುದಕ್ಕೆ ಇನ್ನೊಂದು. ಹೆಚ್ಚಿನ ಜಗಳ ಹುಟ್ಟುವುದು ಈ ಎರಡು ಜಾಗದಲ್ಲಿ.

ಇದರ ಬೆಲೆ ಗೊತ್ತಾಗಬೇಕಾದರೆ 1981ರ ಬಿ.ಸಿ. ಶ್ರೀನಿವಾಸ ಶೆಟ್ಟಿ ತೀರ್ಪು ಓದಿ. ನಮ್ಮ ಬೆಂಗಳೂರಿನ ಅಗರಬತ್ತಿ ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆ. ಅದು ವಿಸರ್ಜನೆ ಆದಾಗ ಅದರ ಗುಡ್‌ವಿಲ್, ಅಂದರೆ ವರ್ಷಾನುಗಟ್ಟಲೆ ಸಂಪಾದಿಸಿದ ಒಳ್ಳೆಯ ಹೆಸರು, ಬೇರೆಯವರಿಗೆ ಹೋಯಿತು. ಬಂಡವಾಳ ಲಾಭದ ತೆರಿಗೆ ಕೊಡಿ ಅಂತ ಇಲಾಖೆ ಕೇಳಿತು. ಲಾಭ ಲೆಕ್ಕ ಹಾಕಲು ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆಯಬೇಕು. ತಾನೇ ಗಳಿಸಿದ ಹೆಸರಿಗೆ ಕೊಂಡ ಬೆಲೆ ಎಲ್ಲಿಂದ ಬರಬೇಕು? ಅದು ಯಾವ ದಿನ ಹುಟ್ಟಿತು ಅಂತ ಹೇಳುವವರು ಯಾರು? ಲೆಕ್ಕ ಹಾಕುವ ಸೆಕ್ಷನ್ನೇ ಕೆಲಸ ಮಾಡದ ಕಡೆ ತೆರಿಗೆ ಹಾಕುವ ಸೆಕ್ಷನ್ನೂ ಮುಟ್ಟಲಿಲ್ಲ ಅಂತಲೇ ತಿಳಿಯಬೇಕು, ಎರಡೂ ಸೇರಿ ಒಂದೇ ಕಟ್ಟು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 1987ರಲ್ಲಿ ಸಂಸತ್ತು ತಿದ್ದುಪಡಿ ತಂದು, ಇಂಥ ಗುಡ್‌ವಿಲ್‌ನ ಬೆಲೆ ಸೊನ್ನೆ ಅಂತ ಹಿಡಿಯಬೇಕು ಅಂದಿತು. ತೀರ್ಪು, ಅದಕ್ಕೆ ಉತ್ತರವಾಗಿ ತಿದ್ದುಪಡಿ. ತೆರಿಗೆ ಕಾನೂನು ಬೆಳೆದದ್ದೇ ಹೀಗೆ. ಹಾಗಾಗಿ ಒಂದು ಸೆಕ್ಷನ್ ವಿಚಿತ್ರವಾಗಿ ಕಂಡರೆ, ಯಾವ ತೀರ್ಪಿಗೆ ಇದು ಉತ್ತರ ಅಂತ ಹುಡುಕಿ.

ಈಗ ಇನ್ನೊಂದು ಕಷ್ಟ ಸೇರಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಅದೇ ಲೆಕ್ಕ. 536 ಸೆಕ್ಷನ್, 23 ಅಧ್ಯಾಯ, 16 ಅನುಸೂಚಿ. ಆದಾಯ ಗಳಿಸಿದ "ಹಿಂದಿನ ವರ್ಷ", ಅದಕ್ಕೆ ತೆರಿಗೆ ಲೆಕ್ಕ ಹಾಕುವ "ನಿರ್ಧರಣಾ ವರ್ಷ" ಅಂತ ಎರಡು ಇದ್ದದ್ದು ಹೋಗಿ "ತೆರಿಗೆ ವರ್ಷ" ಒಂದೇ ಆಗಿದೆ. ಆದರೆ ಹಳೆಯ ವರ್ಷಗಳ ವ್ಯಾಜ್ಯ ಹಳೆಯ ಕಾಯ್ದೆಯಲ್ಲೇ ನಡೆಯುತ್ತದೆ, ತೀರ್ಪುಗಳಲ್ಲಿ ಇರುವುದೂ ಹಳೆಯ ನಂಬರೇ. ಎರಡೂ ಪುಸ್ತಕ ಮೇಜಿನ ಮೇಲಿರಲಿ. ಹಳೆಯ ಸೆಕ್ಷನ್ ಒಂದು ಕಡೆ, ಹೊಸದು ಇನ್ನೊಂದು ಕಡೆ ಬರೆದು, ಪದ ಎಲ್ಲಿ ಬದಲಾಗಿದೆ ಅಂತ ನೀವೇ ಪಟ್ಟಿ ಮಾಡಿ. ಇಲಾಖೆಯ ಜಾಲತಾಣದಲ್ಲಿ ಹೋಲಿಕೆ ಪಟ್ಟಿ ಇದೆ, ನಿಜ. ಆದರೆ ಕೈಯಿಂದ ಬರೆದ ಪಟ್ಟಿ ತಲೆಯಲ್ಲಿ ಉಳಿಯುತ್ತದೆ.

ಹೆಜ್ಜೆ 5: ಒಂದು ದೋಸೆಯ ಹಿಂದೆ ಹೋಗಿ

ಒಂದು ವ್ಯಾಜ್ಯವನ್ನು ಹುಟ್ಟಿನಿಂದ ಇವತ್ತಿನವರೆಗೆ ಹಿಂಬಾಲಿಸಿದರೆ ಹತ್ತು ಅಧ್ಯಾಯ ಓದಿದಷ್ಟು ಬರುತ್ತದೆ. ನಾನು ಎಲ್ಲರಿಗೂ ಹೇಳುವುದು ಉಡುಪಿ ಹೋಟೆಲಿನ ಮಸಾಲೆ ದೋಸೆ.

ಹೋಟೆಲಿನವರು ದೋಸೆ ಮಾರುತ್ತಾರಾ, ಅಥವಾ ನಮಗೆ ಸೇವೆ ಕೊಡುತ್ತಾರಾ? ಜಿಎಸ್‌ಟಿಗೆ ಮೊದಲು ಸರಕು ಮಾರಾಟದ ತೆರಿಗೆ ರಾಜ್ಯದ್ದಾಗಿತ್ತು, ರಾಜ್ಯ ಪಟ್ಟಿಯ 54ನೇ ನಮೂದು. 1958ರಲ್ಲಿ ಗ್ಯಾನನ್ ಡಂಕರ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನಕ್ಕೆ ಹಿಂದಿನ 1935ರ ಕಾಯ್ದೆಯ ಇಂಥದ್ದೇ ನಮೂದಿನಲ್ಲಿದ್ದ "ಮಾರಾಟ" ಅನ್ನುವ ಮಾತಿಗೆ ಸರಕು ಮಾರಾಟ ಕಾಯ್ದೆಯ ಅರ್ಥವನ್ನೇ ಕೊಡಬೇಕು ಅಂದಿತು. ಅದು ಕಟ್ಟಡದ ಗುತ್ತಿಗೆಯ ಕೇಸು. ಆದರೆ ಆ ಮಾತು ನಡೆದು ನಡೆದು ಹೋಟೆಲಿನ ಮೇಜಿಗೆ ಬಂತು. 1978ರ ನಾರ್ದರ್ನ್ ಇಂಡಿಯಾ ಕೇಟರರ್ಸ್ ತೀರ್ಪಿನಲ್ಲಿ ಕೋರ್ಟ್, ಹೋಟೆಲಿನಲ್ಲಿ ಕೂತು ತಿನ್ನುವುದು ಸೇವೆ, ಅದು ಮಾರಾಟ ಅಲ್ಲ, ಮಾರಾಟ ತೆರಿಗೆ ಹಾಕುವಂತಿಲ್ಲ ಅಂದಿತು.

ರಾಜ್ಯಗಳಿಗೆ ದೊಡ್ಡ ಪೆಟ್ಟು. 1982ರಲ್ಲಿ ಸಂವಿಧಾನದ 46ನೇ ತಿದ್ದುಪಡಿ ಬಂತು. 366ನೇ ವಿಧಿಗೆ 29ಎ ಅನ್ನುವ ಖಂಡ ಸೇರಿಸಿ, ತಿಂಡಿ ಊಟ ಬಡಿಸುವುದನ್ನೂ ಮಾರಾಟ ಅಂತಲೇ ಭಾವಿಸಬೇಕು ಅಂತ ಬರೆದರು. "ಭಾವಿಸಬೇಕು" ಅನ್ನುವ ಪದವನ್ನು ಗಮನಿಸಿ. ನಿಜವಾಗಿ ಹೌದೋ ಅಲ್ಲವೋ ಬೇರೆ ಮಾತು, ಕಾನೂನು ಹಾಗೆ ಭಾವಿಸುತ್ತದೆ. ಈ ಒಂದು ಉಪಾಯ ತೆರಿಗೆ ಕಾನೂನಿನ ಮೂಲೆ ಮೂಲೆಯಲ್ಲಿ ಕಾಣುತ್ತದೆ.

ಅಷ್ಟಕ್ಕೆ ಮುಗಿಯಲಿಲ್ಲ. 2011ರಲ್ಲಿ ಕೇಂದ್ರ ಬಂದು, ಎಸಿ ಇದ್ದು ಮದ್ಯದ ಲೈಸೆನ್ಸೂ ಇರುವ ರೆಸ್ಟೋರೆಂಟಿಗೆ ಸೇವಾ ತೆರಿಗೆ ಹಾಕಿತು. 2013ರಲ್ಲಿ ಲೈಸೆನ್ಸಿನ ಷರತ್ತು ತೆಗೆದು ಎಸಿ ಇದ್ದರೆ ಸಾಕು ಅಂದಿತು. ಆಗ ಒಂದೇ ದೋಸೆಗೆ ರಾಜ್ಯದ ವ್ಯಾಟ್ (ಮಾರಾಟ ತೆರಿಗೆಯ ಆಗಿನ ರೂಪ) ಕೂಡ ಬಂತು, ಕೇಂದ್ರದ ಸೇವಾ ತೆರಿಗೆಯೂ ಬಂತು. ಆಗಿನ ಹಳೆಯ ಬಿಲ್ ಮನೆಯಲ್ಲಿದ್ದರೆ ತೆಗೆದು ನೋಡಿ, ಎರಡೂ ಸಾಲು ಕಾಣುತ್ತವೆ.

ಆಮೇಲೆ 101ನೇ ತಿದ್ದುಪಡಿ. 246ಎ ವಿಧಿ ಬಂದು ಕೇಂದ್ರ, ರಾಜ್ಯ ಇಬ್ಬರಿಗೂ ಒಟ್ಟಿಗೇ ಅಧಿಕಾರ ಸಿಕ್ಕಿತು. 2017ರ ಜುಲೈ 1ರಿಂದ ಜಿಎಸ್‌ಟಿ. ಈಗ ಮಾರಾಟ ಅನ್ನುವ ಮಾತಿನ ಬದಲು "ಪೂರೈಕೆ". ಹೋಟೆಲ್ ಊಟವನ್ನು ಕಾಯ್ದೆಯ ಎರಡನೇ ಅನುಸೂಚಿ ಸೇವೆ ಅಂತ ಹೇಳುತ್ತದೆ. 1978ರಲ್ಲಿ ಸೇವೆ, 1982ರಲ್ಲಿ ಮಾರಾಟ, 2017ರಲ್ಲಿ ಮತ್ತೆ ಸೇವೆ. ಶುರುವಿನಲ್ಲಿ ಎಸಿ ಇಲ್ಲದಿದ್ದರೆ 12, ಎಸಿ ಇದ್ದರೆ 18 ಶೇಕಡಾ ಇತ್ತು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ 5 ಶೇಕಡಾ ಮಾಡಿ, ಇನ್‌ಪುಟ್ ಕ್ರೆಡಿಟ್ ತೆಗೆದರು. ಅಂದರೆ ಹೋಟೆಲಿನವರು ಗ್ಯಾಸಿಗೆ, ಬಾಡಿಗೆಗೆ ಕೊಟ್ಟ ಜಿಎಸ್‌ಟಿ ಅವರ ಕೈಯಿಂದಲೇ ಹೋಗುತ್ತದೆ.

ಇನ್ನು ದೋಸೆ ತಿಂದ ಮೇಲೆ ಐಸ್‌ಕ್ರೀಂ. 2021ರ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಬಂತು. ಐಸ್‌ಕ್ರೀಂ ಪಾರ್ಲರಿನಲ್ಲಿ ಅಡುಗೆ ಏನೂ ನಡೆಯುವುದಿಲ್ಲ, ಮೊದಲೇ ತಯಾರಾದದ್ದನ್ನು ಮಾರುತ್ತಾರೆ, ಹಾಗಾಗಿ ಅದು ರೆಸ್ಟೋರೆಂಟ್ ಅಲ್ಲ, ಐಸ್‌ಕ್ರೀಂ ಒಂದು ಸರಕು ಅಂತ. ನಮ್ಮ ಗಡ್‌ಬಡ್ ನೆನಪಿಸಿಕೊಳ್ಳಿ. ಗ್ಲಾಸಿನಲ್ಲಿ ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ಹಾಕಿ ಅಲ್ಲೇ ಕಟ್ಟುತ್ತಾರೆ. ಅದು ಮೊದಲೇ ತಯಾರಾದದ್ದಾ? ಅಡುಗೆಯಾ? ಸುತ್ತೋಲೆಯ ಪದ ಓದಿ ಎರಡೂ ಕಡೆಯಿಂದ ವಾದ ಬರೆಯಿರಿ ಮಾರಾಯ್ರೆ, ಎಷ್ಟು ಚಂದದ ಅಭ್ಯಾಸ ಅದು!

ಹೆಜ್ಜೆ 6: ತೀರ್ಪು ಪೂರ್ತಿ ಓದಿ

ಮೊದಲ ಸೆಮಿಸ್ಟರಿನಲ್ಲಿ ನಾನು ಒಂದು ಸೆಮಿನಾರ್ ಮಾಡಿದೆ. ಶಿರಸಿಯ ತೋಟಗಾರ್ಸ್ ಸಹಕಾರಿ ಸಂಘದ ಕೇಸು, 2010ರ ಸುಪ್ರೀಂ ಕೋರ್ಟ್ ತೀರ್ಪು. ಸಹಕಾರಿ ಸಂಘ ಹಣ ಠೇವಣಿ ಇಟ್ಟು ಬಡ್ಡಿ ಪಡೆದರೆ ಅದಕ್ಕೆ 80ಪಿ ಸೆಕ್ಷನ್ನಿನ ವಿನಾಯಿತಿ ಇಲ್ಲ ಅಂತ ಗಟ್ಟಿಯಾಗಿ ಹೇಳಿ ಕೂತೆ. ಪಾಠ ಮಾಡುವವರು ಒಂದೇ ಪ್ರಶ್ನೆ ಕೇಳಿದರು: "ಠೇವಣಿ ಇಟ್ಟ ಹಣ ಯಾರದ್ದು?" ನನಗೆ ಗೊತ್ತಿರಲಿಲ್ಲ. ನಾನು ಓದಿದ್ದು ತೀರ್ಪಿನ ತಲೆಬರಹದ ಸಾರಾಂಶ ಮಾತ್ರ.

ಆ ರಾತ್ರಿ ಪೂರ್ತಿ ಓದಿದೆ. ಸಂಘ ಸದಸ್ಯರ ಬೆಳೆ ಮಾರಿಕೊಡುತ್ತಿತ್ತು. ಮಾರಿದ ಹಣ ಸದಸ್ಯರಿಗೆ ಕೊಡಬೇಕಾದದ್ದು, ಕೂಡಲೇ ಕೊಡದೆ ಉಳಿದಾಗ ಅದನ್ನು ಠೇವಣಿ ಇಟ್ಟಿತ್ತು. ತೀರ್ಪು ಆ ಸಂಗತಿಯ ಮೇಲೆ ನಿಂತಿದೆ. ಮುಂದೆ 2014ರಲ್ಲಿ ತುಮಕೂರು ಮರ್ಚಂಟ್ಸ್ ಸೌಹಾರ್ದ ಕೇಸಿನಲ್ಲಿ ಕರ್ನಾಟಕ ಹೈಕೋರ್ಟ್, ಇಲ್ಲಿ ಹಣ ಸದಸ್ಯರಿಗೆ ಕೊಡಬೇಕಾದ ಬಾಕಿ ಅಲ್ಲ ಅಂತ ಅದನ್ನು ಬೇರೆ ಮಾಡಿ, ಸಂಘದ ಪರ ಹೇಳಿತು. 2017ರಲ್ಲಿ ತೋಟಗಾರ್ಸ್ ಸಂಘದ ಇನ್ನೊಂದು ಕೇಸಿನಲ್ಲಿ ಅದೇ ಹೈಕೋರ್ಟ್ ಇಲಾಖೆಯ ಪರ ಹೇಳಿತು. ನಮ್ಮ ಜಿಲ್ಲೆಗಳ ಪ್ರತಿ ಊರಿನ ಸಹಕಾರಿ ಸಂಘಕ್ಕೂ ತಾಗುವ ಪ್ರಶ್ನೆ ಇದು. ಹಣ ಯಾರದ್ದು ಅನ್ನುವ ಒಂದು ಸಂಗತಿ ಬಿಟ್ಟರೆ ಮೂರು ತೀರ್ಪೂ ಅರ್ಥ ಆಗುವುದಿಲ್ಲ.

ಹಾಗಾಗಿ ಸಂಗತಿಗಳಿಗಾಗಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶ ಓದಿ. 1941ರಿಂದ ಇರುವ ಸಂಸ್ಥೆ ಅದು. ಸಂಗತಿಯ ವಿಚಾರದಲ್ಲಿ ಕೊನೆಯ ಮಾತು ಸಾಮಾನ್ಯವಾಗಿ ಅದರದ್ದೇ, ಹೈಕೋರ್ಟಿಗೆ ಹೋಗಬೇಕಾದರೆ ಮಹತ್ವದ ಕಾನೂನು ಪ್ರಶ್ನೆ ಇರಲೇಬೇಕು. ಆದೇಶಗಳು ಅದರ ಜಾಲತಾಣದಲ್ಲಿ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳು "ಇಂಡಿಯನ್ ಕಾನೂನ್" ಅನ್ನುವ ಜಾಲತಾಣದಲ್ಲಿ, ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು ಇ-ಎಸ್‌ಸಿಆರ್‌ನಲ್ಲಿ ಹಣ ಇಲ್ಲದೆ ಸಿಗುತ್ತವೆ. ವಾರಕ್ಕೆ ಎರಡು ತೀರ್ಪು ಸಾಕು. ಪ್ರತಿಯೊಂದಕ್ಕೂ ಒಂದು ಪುಟ: ಸಂಗತಿ, ಸೆಕ್ಷನ್ನಿನ ಪದ, ಇಲಾಖೆಯ ವಾದ, ತೆರಿಗೆದಾರರ ವಾದ, ಕೋರ್ಟ್ ಹಿಡಿದ ದಾರಿ. ಸೋತವರ ವಾದಕ್ಕೆ ಜಾಸ್ತಿ ಜಾಗ ಕೊಡಿ.

ಹೆಜ್ಜೆ 7: ಡಿಸರ್ಟೇಶನ್ನಿಗೆ ಊರಿನದ್ದೇ ಪ್ರಶ್ನೆ ಹಿಡಿಯಿರಿ

"ಭಾರತದಲ್ಲಿ ಜಿಎಸ್‌ಟಿ: ಒಂದು ಅಧ್ಯಯನ" ಅಂತ ದಯವಿಟ್ಟು ಬರೆಯಬೇಡಿ. ಅದು ಇನ್ನೂರು ಪುಟ ಆಗುತ್ತದೆ, ಹೊಸದು ಒಂದು ಪುಟವೂ ಇರುವುದಿಲ್ಲ. ವಿಷಯ ಒಂದು ಪ್ರಶ್ನೆಯ ರೂಪದಲ್ಲಿರಲಿ, ಕೊನೆಗೆ ಹೌದು ಅಥವಾ ಅಲ್ಲ ಅಂತ ನೀವು ಹೇಳಲು ಆಗಬೇಕು.

ಯಕ್ಷಗಾನ ತಗೊಳ್ಳಿ. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಕಲೆಯ ಕಲಾವಿದರ ಪ್ರದರ್ಶನಕ್ಕೆ, ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ, 2017ರ ಅಧಿಸೂಚನೆಯಲ್ಲಿ ಜಿಎಸ್‌ಟಿ ವಿನಾಯಿತಿ ಇದೆ. ಅಲ್ಲಿ ಇರುವ ಪದ "ಕಲಾವಿದ". ಒಂದು ರಾತ್ರಿಯ ಆಟ ಆಡುವುದು ಮೇಳ. ಮೇಳ ಕಲಾವಿದನಾ, ಕಲಾವಿದರನ್ನು ಇಟ್ಟುಕೊಂಡ ಸಂಸ್ಥೆಯಾ? ಇದಕ್ಕೆ 2018ರ ದಿಲೀಪ್ ಕುಮಾರ್ ತೀರ್ಪು ಸೇರಿಸಿ ನೋಡಿ. ವಿನಾಯಿತಿಯ ಅಧಿಸೂಚನೆಯಲ್ಲಿ ಸಂಶಯ ಇದ್ದರೆ ಅದರ ಲಾಭ ಇಲಾಖೆಗೆ ಹೋಗಬೇಕು ಅಂತ ಐವರು ನ್ಯಾಯಾಧೀಶರ ಸಂವಿಧಾನ ಪೀಠ ಹೇಳಿದೆ. ಈಗ ಮೇಳದ ಪರ ವಾದ ಕಟ್ಟಿ.

ಗಲ್ಫಿನಲ್ಲಿ ಇರುವವರು ಇಲ್ಲದ ಕುಟುಂಬ ನಮ್ಮಲ್ಲಿ ಕಡಿಮೆ. ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನಿವಾಸಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. 2020ರ ತಿದ್ದುಪಡಿಯಲ್ಲಿ, ಊರಿಗೆ ಬಂದು ಹೋಗುವ ಭಾರತೀಯರ ಆದಾಯ, ವಿದೇಶದಲ್ಲಿ ಗಳಿಸಿದ್ದನ್ನು ಬಿಟ್ಟು, 15 ಲಕ್ಷ ರೂಪಾಯಿ ಮೀರಿದರೆ 120 ದಿನದ ಲೆಕ್ಕ ಬಂತು, ಹಿಂದಿನ ನಾಲ್ಕು ವರ್ಷಗಳ 365 ದಿನದ ಷರತ್ತು ಅದರ ಜೊತೆಗಿದೆ. ಅದೇ ವರ್ಷ ಕೋವಿಡ್. ವಿಮಾನ ನಿಂತು ಊರಿನಲ್ಲೇ ಉಳಿದವರಿಗೆ ಕೇಂದ್ರ ನೇರ ತೆರಿಗೆ ಮಂಡಳಿ 2020ರ ಮೇ ತಿಂಗಳಲ್ಲಿ 11ನೇ ಸುತ್ತೋಲೆ ಹೊರಡಿಸಿ, ಮಾರ್ಚ್ 22ರಿಂದ 31ರವರೆಗಿನ ದಿನ ಲೆಕ್ಕಕ್ಕೆ ಬೇಡ ಅಂದಿತು. ತನ್ನ ಇಚ್ಛೆ ಇಲ್ಲದೆ ಉಳಿದ ದಿನವನ್ನು ಎಣಿಸಬೇಕಾ ಅನ್ನುವುದೇ ಒಂದು ಡಿಸರ್ಟೇಶನ್. ಹಡಗಿನಲ್ಲಿ ಕೆಲಸ ಮಾಡುವವರ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅವರು ಅನಿವಾಸಿಗಳಾಗಿದ್ದರೆ, ವಿದೇಶಕ್ಕೆ ಹೋಗುವ ಹಡಗಿನ ಸಂಬಳ ಇಲ್ಲಿನ ಬ್ಯಾಂಕಿನ ಎನ್‌ಆರ್‌ಇ (ಅನಿವಾಸಿ) ಖಾತೆಗೆ ಬಿದ್ದ ಮಾತ್ರಕ್ಕೆ ಇಲ್ಲಿ ತೆರಿಗೆ ಇಲ್ಲ ಅಂತ 2017ರ 13ನೇ ಸುತ್ತೋಲೆ ಹೇಳುತ್ತದೆ. ಸುತ್ತೋಲೆಯೊಂದು ಕಾಯ್ದೆಯ ಪದವನ್ನು ಮೀರಿ ಹೋಗಬಹುದಾ?

ಪಣಂಬೂರಿನ ಬಂದರು ನೋಡಿದವರು 2022ರ ಮೋಹಿತ್ ಮಿನರಲ್ಸ್ ತೀರ್ಪು ಓದಲೇಬೇಕು. ಆಮದು ಸರಕಿನ ಹಡಗು ಬಾಡಿಗೆಯ ಮೇಲೆ ಮತ್ತೊಮ್ಮೆ ಐಜಿಎಸ್‌ಟಿ (ಆಮದಿಗೆ, ರಾಜ್ಯ ರಾಜ್ಯಗಳ ನಡುವಿನ ಪೂರೈಕೆಗೆ ಬೀಳುವ ಜಿಎಸ್‌ಟಿ) ಕೇಳುವಂತಿಲ್ಲ, ಜಿಎಸ್‌ಟಿ ಮಂಡಳಿಯ ಶಿಫಾರಸು ಸಂಸತ್ತು ಮತ್ತು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲ, ಎರಡೂ ಅದರಲ್ಲಿದೆ. ಗೇರುಬೀಜದ ಫ್ಯಾಕ್ಟರಿ, ಬೀಡಿ ಎಲೆ ಇವೆರಡರಲ್ಲಿ ಕೃಷಿಕರಿಂದ ಕೊಂಡವರೇ ಜಿಎಸ್‌ಟಿ ಕಟ್ಟುವ ವ್ಯವಸ್ಥೆ ಇದೆ, ಅದರ ಮೇಲೂ ಬರೆಯಬಹುದು. ನೂರು ಪುಟದೊಳಗೆ ಮುಗಿಸಿ.

ಹೆಜ್ಜೆ 8: ಓದುತ್ತಲೇ ಉತ್ತರ ಬರೆಯುವುದನ್ನು ಕಲಿಯಿರಿ

ಎಲ್‌ಎಲ್‌ಎಂ ಆದ ಮೇಲೆ ಯುಜಿಸಿಯ ನೆಟ್ ಪರೀಕ್ಷೆ ಬರೆದು ಕಾಲೇಜಿನಲ್ಲಿ ಪಾಠ ಮಾಡಬಹುದು, ಕಂಪನಿಗೆ ಹೋಗಬಹುದು, ಸನದು ಇರುವ ವಕೀಲರಾಗಿ ಇಲಾಖೆ ಮತ್ತು ನ್ಯಾಯಮಂಡಳಿಯ ಮುಂದೆ ನಿಲ್ಲಬಹುದು. ನನಗೆ ಹತ್ತಿರವಾದದ್ದು ಕೊನೆಯದು. ಅಧಿಕಾರಿಯ ಮುಖ ಕಾಣದೆ ಆನ್‌ಲೈನಿನಲ್ಲೇ ನಡೆಯುವ ಫೇಸ್‌ಲೆಸ್ ಪದ್ಧತಿ ಬಂದ ಮೇಲೆ ನೋಟಿಸ್ ಇಮೇಲ್‌ಗೆ, ಪೋರ್ಟಲ್‌ಗೆ ಬರುತ್ತದೆ, ಇಂಗ್ಲಿಷಿನಲ್ಲಿ. ಬೆಳ್ತಂಗಡಿಯ ಹಿರಿಯರೊಬ್ಬರು ತೋಟದ ಜಾಗ ಮಾರಿದ ಹಣಕ್ಕೆ ಬಂದ ನೋಟಿಸನ್ನು ಗಡುವು ಮುಗಿದ ಮೇಲೆ ಪ್ರಿಂಟ್ ತೆಗೆಸಿ ನನ್ನಲ್ಲಿಗೆ ತಂದರು. ಮೊಮ್ಮಗ ಇಮೇಲ್ ನೋಡಿರಲಿಲ್ಲ. ಇಂಥವರ ಪರ ಬರೆಯುವಾಗ ಎದುರಿಗೆ ಅಧಿಕಾರಿ ಇರುವುದಿಲ್ಲ, ಮಾತಿನಲ್ಲಿ ತಿಳಿಸಿ ಹೇಳುವ ಅವಕಾಶ ಕಡಿಮೆ. ನೀವು ಬರೆದ ಎರಡು ಪುಟವೇ ಎಲ್ಲ.

ಅದಕ್ಕೆ ಮೊದಲ ಸೆಮಿಸ್ಟರಿನಿಂದಲೇ ವಾರಕ್ಕೊಂದು ಉತ್ತರ ಬರೆಯಿರಿ. ನಿಮ್ಮ ಸಿಎ ಅವರಲ್ಲಿ ಹೆಸರು, ಪ್ಯಾನ್ ಅಳಿಸಿದ ಒಂದು ಹಳೆಯ ನೋಟಿಸ್ ಕೇಳಿ. ಮೊದಲ ಸಾಲಿನಲ್ಲಿ ನೋಟಿಸಿನ ತಾರೀಕು, ಸೆಕ್ಷನ್, ವರ್ಷ. ಆಮೇಲೆ ಸಂಗತಿ, ತಾರೀಕಿನ ಕ್ರಮದಲ್ಲಿ, ಪ್ರತಿಯೊಂದಕ್ಕೂ ಒಂದು ದಾಖಲೆಯ ಪುಟ ಸಂಖ್ಯೆ. ಆಮೇಲೆ ಸೆಕ್ಷನ್ನಿನ ಪದ, ನಂತರ ತೀರ್ಪು, ಎರಡಕ್ಕಿಂತ ಜಾಸ್ತಿ ಬೇಡ. ಕೊನೆಗೆ ಏನು ಕೇಳುತ್ತಿದ್ದೀರಿ ಅಂತ ಒಂದೇ ವಾಕ್ಯ. ಬರೆದು ಮುಗಿಸಿದ ಮೇಲೆ ಅದನ್ನೇ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲೋ ತುಳುವಿನಲ್ಲೋ ಐದು ನಿಮಿಷ ಹೇಳಿ. ಅವರು ಎಲ್ಲಿ "ಅಂದ್ರೆ?" ಅಂತ ಕೇಳುತ್ತಾರೋ ಆ ಪ್ಯಾರಾ ಮತ್ತೆ ಬರೆಯಿರಿ.